ಬಟ್ಟೆಯ ಮೇಲೆ ಬರೆದ ಹೆಸರುಗಳು

1840ರ ಅಮೆರಿಕದ ಜನಗಣತಿಯ ಹಾಳೆಗಳಲ್ಲಿ ಮನೆಗೊಂದೇ ಹೆಸರು. ಅದು ಯಜಮಾನನದು. ಹೆಂಡತಿ, ಮುದುಕಿ ತಾಯಿ, ಮದುವೆಯಾಗದ ತಂಗಿ, ಬೆಳೆದ ಹೆಣ್ಣುಮಕ್ಕಳು ಎಲ್ಲರೂ ವಯಸ್ಸಿನ ಖಾನೆಗಳಲ್ಲಿ ಅಂಕಿಗಳಾಗಿ ಕೂತಿದ್ದಾರೆ. ಗಂಡ ಸತ್ತು ಮನೆಯ ಭಾರ ಹೊತ್ತವಳಾದರೆ ಮಾತ್ರ ಹೆಂಗಸಿನ ಹೆಸರು ಅಲ್ಲಿ ಕಾಣುತ್ತದೆ. ಸ್ವತಂತ್ರ ಪ್ರಜೆಗಳೆಲ್ಲರ ಹೆಸರನ್ನೂ ಒಬ್ಬೊಬ್ಬರದಾಗಿ ಬರೆದುಕೊಳ್ಳುವ ಪದ್ಧತಿ ಶುರುವಾದದ್ದು 1850ರ ಗಣತಿಯಿಂದ.

ಈ ಎರಡು ಗಣತಿಗಳ ನಡುವಿನ ಹತ್ತು ವರ್ಷಗಳಲ್ಲಿ ಪೆನ್ಸಿಲ್ವೇನಿಯಾ, ನ್ಯೂಜೆರ್ಸಿ, ಡೆಲವೇರ್, ಮೇರಿಲ್ಯಾಂಡ್ ಕಡೆಯ ಹೆಂಗಸರು ತಮ್ಮ ಹೆಸರನ್ನು ತಾವೇ ಬರೆದಿಡತೊಡಗಿದರು. ಅದಕ್ಕೆ ಅವರು ಆರಿಸಿಕೊಂಡದ್ದು ಅಂಗೈ ಅಗಲದ ಹತ್ತಿ ಬಟ್ಟೆಯ ತುಂಡುಗಳನ್ನು. ಗೆಳತಿಯೊಬ್ಬಳು ಮದುವೆಯಾಗಿ ಊರು ಬಿಡುವಾಗ, ಕುಟುಂಬವೊಂದು ಗಾಡಿ ಕಟ್ಟಿ ಪಶ್ಚಿಮಕ್ಕೆ ಹೊರಟಾಗ, ಪಾದ್ರಿಯ ಸಂಸಾರಕ್ಕೆ ಬೇರೆ ಊರಿಗೆ ವರ್ಗವಾದಾಗ, ಬಳಗದವರು ಒಬ್ಬೊಬ್ಬರೂ ಒಂದೊಂದು ತುಂಡು ಹೊಲಿದು, ನಡುವೆ ಹೆಸರು ಬರೆದು, ಎಲ್ಲವನ್ನೂ ಜೋಡಿಸಿ ಹೊದೆಯುವ ಕೌದಿ ಮಾಡಿ ಕೊಟ್ಟರು. ಇಂಥ ‘ಫ್ರೆಂಡ್‌ಶಿಪ್ ಕ್ವಿಲ್ಟ್’ಗಳು ಇಂದು ಅಮೆರಿಕದ ನೂರಾರು ಮ್ಯೂಸಿಯಮ್ಮುಗಳಲ್ಲಿವೆ, ಅದಕ್ಕಿಂತ ಹೆಚ್ಚು ಮನೆಗಳ ಪೆಟ್ಟಿಗೆಗಳಲ್ಲಿವೆ. ಅವುಗಳನ್ನು ಹೊಲಿದ ಎಷ್ಟೋ ಹೆಂಗಸರ ಕೈಬರಹ ಬೇರೆಲ್ಲೂ ಉಳಿದಿಲ್ಲ.

ಅಮೆರಿಕದ ಕ್ವಿಲ್ಟ್ ನಮ್ಮ ಕೌದಿಯ ಜಾತಿಗೇ ಸೇರಿದ್ದು. ಮೇಲ್ಪದರ ತುಂಡು ಬಟ್ಟೆಗಳದು, ಕೆಳಗೆ ಅಸ್ತರ, ಇವೆರಡರ ನಡುವೆ ತೆಳ್ಳಗೆ ಹರಡಿದ ಹತ್ತಿ ಅಥವಾ ಉಣ್ಣೆ. ಮೂರೂ ಪದರ ಜಾರದಂತೆ ಉದ್ದಕ್ಕೂ ಸಣ್ಣ ಎಳೆಯ ಹೊಲಿಗೆ. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಅಲ್ಲಿ ಮೇಲ್ಪದರವನ್ನು ಚೌಕ ಚೌಕವಾಗಿ ಕಟ್ಟುವ ರೂಢಿ ಬಲವಾಗಿತ್ತು. ಒಂದು ಚೌಕವನ್ನು ತೊಡೆಯ ಮೇಲಿಟ್ಟುಕೊಂಡು, ತೊಟ್ಟಿಲು ತೂಗುತ್ತಲೋ ಒಲೆಯ ಮುಂದೆ ಕೂತೋ ಮುಗಿಸಬಹುದು. ಇನ್ನೊಬ್ಬಳು ಅದೇ ಅಳತೆಯ ಚೌಕವನ್ನು ಇಪ್ಪತ್ತು ಮೈಲಿ ಆಚೆಯ ಊರಲ್ಲಿ ಹೊಲಿದು ಅಂಚೆಯಲ್ಲಿ ಕಳಿಸಬಹುದು. ಗೆಳೆತನದ ಕೌದಿ ಸಾಧ್ಯವಾದದ್ದೇ ಈ ಅನುಕೂಲದಿಂದ.

ಇದು 1840ರ ಸುಮಾರಿಗೇ ಹಬ್ಬಿದ್ದಕ್ಕೆ ಬೇರೆ ಕಾರಣಗಳೂ ಇವೆ. ಆ ಕಾಲದ ಹುಡುಗಿಯರಲ್ಲಿ ಹಸ್ತಾಕ್ಷರದ ಪುಸ್ತಕ ಇಟ್ಟುಕೊಳ್ಳುವ ಹುಚ್ಚು ಜೋರಾಗಿತ್ತು. ಶಾಲೆ ಬಿಡುವಾಗ, ಊರು ಬಿಡುವಾಗ ಗೆಳತಿಯರು ಅದರಲ್ಲಿ ನಾಲ್ಕು ಸಾಲಿನ ಪದ್ಯ ಬರೆದು, ಕೆಳಗೆ ಹೆಸರು ಹಾಕಿ ಕೊಡುತ್ತಿದ್ದರು. ಪುಸ್ತಕದ ಆ ಪುಟವೇ ಬಟ್ಟೆಗೆ ಇಳಿಯಿತು. ಆದರೆ ಇಳಿಯಲು ಮಸಿ ಒಳ್ಳೆಯದಿರಬೇಕಲ್ಲ. ಹಳೆಯ ಮಸಿಯಲ್ಲಿ ಕಬ್ಬಿಣದ ಅಂಶವಿತ್ತು. ವರ್ಷಗಳು ಕಳೆದಂತೆ ಅದು ಬಟ್ಟೆಯನ್ನು ತಿಂದುಹಾಕಿ, ಅಕ್ಷರವಿದ್ದ ಕಡೆ ತೂತು ಉಳಿಯುತ್ತಿತ್ತು. 1830ರ ದಶಕದಲ್ಲಿ ಬೆಳ್ಳಿಯ ಲವಣದಿಂದ ಮಾಡಿದ, ಒಗೆದರೂ ಹೋಗದ ಮಸಿ ಅಂಗಡಿಗಳಲ್ಲಿ ಸುಲಭವಾಗಿ ಸಿಗತೊಡಗಿತು. ಹಾಸಿಗೆ ಬಟ್ಟೆ, ಟವೆಲ್ಲುಗಳಿಗೆ ಗುರುತು ಹಾಕಲೆಂದು ಮಾರುತ್ತಿದ್ದ ಆ ಸೀಸೆಗಳಿಗೆ ಹೆಂಗಸರು ಹೊಸ ಕೆಲಸ ಕೊಟ್ಟರು.

ಚೌಕದ ನಡುವೆ ಬಿಳಿ ಬಟ್ಟೆಯ ಜಾಗ ಬಿಟ್ಟು ಸುತ್ತ ಬಣ್ಣದ ತುಂಡುಗಳನ್ನು ಜೋಡಿಸುವ ಮಾದರಿಗಳು ಹೀಗೆ ಹುಟ್ಟಿಕೊಂಡವು. ಬಿಳಿ ಜಾಗದಲ್ಲಿ ಹೆಸರು, ಊರು, ಇಸವಿ. ಕೆಲವರು ಹೆಸರಿನ ಸುತ್ತ ಹೂಬಳ್ಳಿ ಬರೆದರು, ಪಾರಿವಾಳ ಬರೆದರು, ತೆರೆದಿಟ್ಟ ಪುಸ್ತಕ ಬರೆದರು. ಕೈ ನಡುಗುವ ಅಜ್ಜಿಯರ ವಕ್ರ ಅಕ್ಷರಗಳೂ ಇವೆ, ಇನ್ನೂ ಮಾತು ಬಾರದ ಕೂಸುಗಳ ಹೆಸರೂ ಇವೆ. ಬಳಗದಲ್ಲಿ ಚೆಂದದ ಕೈಬರಹದವಳು ಒಬ್ಬಳಿದ್ದರೆ ಎಲ್ಲರ ಹೆಸರನ್ನೂ ಅವಳಿಂದಲೇ ಬರೆಸುತ್ತಿದ್ದದ್ದೂ ಉಂಟು. ಲೋಹದ ಹಾಳೆಯಲ್ಲಿ ತಮ್ಮ ಹೆಸರಿನ ಅಚ್ಚು ಕೊರೆಸಿಟ್ಟುಕೊಂಡು, ಬ್ರಷ್ಷಿನಿಂದ ಮಸಿ ತಿಕ್ಕಿ ಮೂಡಿಸಿದವರೂ ಇದ್ದರು.

ಬಟ್ಟೆಯ ಕಥೆ ಇಷ್ಟು ಹಿತವಾದದ್ದಲ್ಲ. 1793ರಲ್ಲಿ ಎಲಿ ವಿಟ್ನಿಯ ಹತ್ತಿ ಬಿಡಿಸುವ ಯಂತ್ರ ಬಂತು. ಮ್ಯಾಸಚೂಸೆಟ್ಸಿನ ಲೋವೆಲ್‌ನಂಥ ಊರುಗಳಲ್ಲಿ 1820ರ ದಶಕದಿಂದ ದೊಡ್ಡ ಗಿರಣಿಗಳು ಎದ್ದವು. ಒಂದು ಕಾಲಕ್ಕೆ ಶ್ರೀಮಂತರಷ್ಟೇ ಕೊಳ್ಳುತ್ತಿದ್ದ ಅಚ್ಚಿನ ಬಟ್ಟೆ ರೈತರ ಮನೆಗೂ ಬಂತು. ಆ ಹತ್ತಿಯನ್ನು ಬಿಡಿಸಿದವರು ದಕ್ಷಿಣದ ಗುಲಾಮರು. ಹೆಂಗಸರಲ್ಲೇ ಕೆಲವರಿಗೆ ಇದು ಚುಚ್ಚುತ್ತಿತ್ತು. 1836ರಲ್ಲಿ ಬಾಸ್ಟನ್ನಿನ ಗುಲಾಮಗಿರಿ ವಿರೋಧಿ ಸಂತೆಗಾಗಿ ಲೇಖಕಿ ಲಿಡಿಯಾ ಮರಿಯಾ ಚೈಲ್ಡ್ ನಕ್ಷತ್ರಗಳ ಪುಟ್ಟ ತೊಟ್ಟಿಲ ಕೌದಿಯೊಂದನ್ನು ಹೊಲಿದರು. ಅದರ ನಡುವಿನ ನಕ್ಷತ್ರದಲ್ಲಿ, ಮಗುವನ್ನು ತಾಯಿಯಿಂದ ಕಿತ್ತು ಮಾರುವುದನ್ನು ನೆನಪಿಸುವ ಸಾಲುಗಳನ್ನು ಮಸಿಯಲ್ಲಿ ಬರೆದಿದ್ದರು. ಬಟ್ಟೆಯ ಮೇಲಿನ ಅಕ್ಷರಕ್ಕೆ ಎಷ್ಟು ದೂರ ಹೋಗುವ ಶಕ್ತಿಯಿದೆ ಎಂದು ಅಷ್ಟು ಮುಂಚೆಯೇ ಕಂಡುಕೊಂಡವರು ಅವರು.

ಈ ಹತ್ತಿಯ ಎಳೆ ನಮ್ಮ ಧಾರವಾಡದವರೆಗೂ ಬರುತ್ತದೆ. ಲಂಕಾಶೈರಿನ ಗಿರಣಿಗಳು ಅಮೆರಿಕದ ಹತ್ತಿಯೊಂದನ್ನೇ ನೆಚ್ಚಿಕೊಂಡಿರಬಾರದೆಂದು ಈಸ್ಟ್ ಇಂಡಿಯಾ ಕಂಪನಿ 1840ರ ದಶಕದಲ್ಲಿ ಅಲ್ಲಿನ ಬೆಳೆಗಾರರನ್ನೇ ಕರೆತಂದು, ಅಲ್ಲಿನ ಬೀಜವನ್ನು ಭಾರತದ ಹಲವು ಕಡೆ ಬಿತ್ತಿಸಿತು. ಹೆಚ್ಚು ಕಡೆ ಅದು ಕೈಕೊಟ್ಟಿತು, ಧಾರವಾಡ ಸೀಮೆಯ ಎರೆ ಮಣ್ಣಿನಲ್ಲಿ ಹತ್ತಿತು. ‘ಧಾರವಾಡ-ಅಮೆರಿಕನ್’ ಎಂಬ ಆ ಹತ್ತಿಗೆ 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ ಬಂಗಾರದ ಬೆಲೆ ಬಂತು. ಪೆನ್ಸಿಲ್ವೇನಿಯಾದ ಹೆಂಗಸರು ಹೆಸರು ಬರೆಯುತ್ತಿದ್ದ ದಶಕದಲ್ಲೇ ಗದಗ, ಹುಬ್ಬಳ್ಳಿಯ ಸುತ್ತಿನ ಹೊಲಗಳಲ್ಲಿ ಅವರ ದೇಶದ ಹತ್ತಿ ಬೇರು ಬಿಡುತ್ತಿತ್ತು.

ಚೌಕಗಳನ್ನು ಒಬ್ಬೊಬ್ಬರೇ ಹೊಲಿದರೂ ಮೂರು ಪದರ ಸೇರಿಸುವ ಕೆಲಸಕ್ಕೆ ಜನ ಬೇಕಿತ್ತು. ನಾಲ್ಕು ಮರದ ಪಟ್ಟಿಗಳ ಚೌಕಟ್ಟನ್ನು ಕುರ್ಚಿಗಳ ಬೆನ್ನಿನ ಮೇಲಿಟ್ಟು, ಅದಕ್ಕೆ ಬಟ್ಟೆ ಬಿಗಿದು, ಸುತ್ತ ಆರೆಂಟು ಜನ ಕೂರುತ್ತಿದ್ದರು. ಅಂಚು ಮುಗಿದಂತೆ ಪಟ್ಟಿಗೆ ಸುತ್ತಿಕೊಂಡು ಒಳಗೆ ಸರಿಯುತ್ತಿದ್ದರು. ಕೂರಲು ಜಾಗವಿಲ್ಲದ ಚಿಕ್ಕ ಹುಡುಗಿಯರಿಗೆ ಸೂಜಿಗೆ ದಾರ ಪೋಣಿಸುವ ಕೆಲಸ. ಇಂಗ್ಲೆಂಡಿನಿಂದ ಬಂದು ಸಿನ್ಸಿನಾಟಿಯಲ್ಲಿ ನೆಲೆಸಿದ್ದ ಫ್ರಾನ್ಸಿಸ್ ಟ್ರಾಲೋಪ್ 1832ರ ತಮ್ಮ ಪುಸ್ತಕದಲ್ಲಿ ಅಮೆರಿಕದವರ ಬಹಳಷ್ಟು ರೂಢಿಗಳನ್ನು ಹೀಗಳೆದಿದ್ದಾರೆ. ಅವರ ಕಣ್ಣಿಗೂ ಈ ಕೂಟಗಳು ಊಟ, ನಗು, ಸಂಭ್ರಮದ ಸಂದರ್ಭಗಳಾಗಿ ಕಂಡವು. ಸಂಜೆಗೆ ಗಂಡಸರೂ ಬರುತ್ತಿದ್ದರು, ಊಟವಾಗುತ್ತಿತ್ತು, ಪಿಟೀಲು ಇದ್ದರೆ ಕುಣಿತವೂ ಇತ್ತು. ಪಕ್ಕದ ಮನೆ ಎಂದರೆ ಮೈಲಿ ದೂರ ಇದ್ದ ಸೀಮೆಗಳಲ್ಲಿ, ಹೆರಿಗೆಯ ಸಂಕಟ, ಸತ್ತ ಮಗುವಿನ ದುಃಖ, ಗಂಡನ ಕುಡಿತ ಇವನ್ನೆಲ್ಲ ಬಾಯಿಬಿಟ್ಟು ಹೇಳಿಕೊಳ್ಳಲು ಆ ಚೌಕಟ್ಟಿನ ಸುತ್ತಲಿನ ಕುರ್ಚಿಗಳೇ ಜಾಗ.

ಪಶ್ಚಿಮದ ದಾರಿ ಹಿಡಿದವರಿಗೆ ಅದೂ ತಪ್ಪಿತು. ಮಿಸೌರಿ ನದಿಯಿಂದ ಒರೆಗಾನ್‌ವರೆಗೆ ಸುಮಾರು 2,000 ಮೈಲಿ. ಎತ್ತಿನ ಗಾಡಿಯಲ್ಲಿ ನಾಲ್ಕರಿಂದ ಆರು ತಿಂಗಳ ದಾರಿ. ಹೊರಟವರು ತವರನ್ನು ಮತ್ತೆ ನೋಡುವ ಭರವಸೆ ಇಟ್ಟುಕೊಂಡಿರಲಿಲ್ಲ. ಬಳಸುವ ಕೌದಿಗಳು ದಾರಿಯಲ್ಲೇ ಸವೆದವು. ಅವು ಹಾಸಿಗೆಯಾದವು, ಪಿಂಗಾಣಿ ಒಡೆಯದಂತೆ ಸುತ್ತುವ ಬಟ್ಟೆಯಾದವು, ಮರ ಸಿಗದ ಬಯಲಿನಲ್ಲಿ ಸತ್ತವರನ್ನು ಮಣ್ಣಿಗಿಳಿಸುವಾಗ ಪೆಟ್ಟಿಗೆಯ ಬದಲಿಗೂ ಆದವು. ಹೆಸರುಗಳ ಕೌದಿ ಮಾತ್ರ ಪೆಟ್ಟಿಗೆಯ ತಳದಲ್ಲೇ ಉಳಿಯಿತು. ಎಷ್ಟೋ ಗೆಳೆತನದ ಕೌದಿಗಳನ್ನು ಒಂದು ಸಲವೂ ಒಗೆದಿಲ್ಲ, ಕೆಲವಕ್ಕೆ ಅಸ್ತರವನ್ನೇ ಕೊಟ್ಟಿಲ್ಲ, ಮೇಲ್ಪದರವನ್ನಷ್ಟೇ ಮಡಿಸಿಟ್ಟಿದ್ದಾರೆ. ಹೊದೆಯುವ ವಸ್ತುವನ್ನು ಹೊದೆಯದೆ ಕಾಪಾಡಿದ್ದರಿಂದಲೇ ಇಂದಿಗೂ ಅಕ್ಷರಗಳು ಓದಲು ಸಿಗುತ್ತವೆ. 1985ರಲ್ಲಿ ಲಿಂಡಾ ಒಟ್ಟೊ ಲಿಪ್ಸೆಟ್ ಇಂಥ ಕೌದಿಗಳ ಮೇಲಿನ ಹೆಸರುಗಳ ಬೆನ್ನು ಹತ್ತಿ, ಚರ್ಚಿನ ದಾಖಲೆ, ಸಮಾಧಿಯ ಕಲ್ಲು, ಹಳೆಯ ಪತ್ರಗಳನ್ನು ಹುಡುಕಿ ಆ ಹೆಂಗಸರ ಬದುಕನ್ನು ಬರೆದರು. ಕೌದಿಯನ್ನು ಬರೀ ಅಲಂಕಾರದ ವಸ್ತುವಾಗಿ ನೋಡುತ್ತಿದ್ದವರಿಗೆ ಅದನ್ನು ದಾಖಲೆಯಾಗಿ ಓದಲು ಕಲಿಸಿದ ಪುಸ್ತಕಗಳಲ್ಲಿ ಅದೂ ಒಂದು.

ಬಾಲ್ಟಿಮೋರಿನಲ್ಲಿ ಇದೇ ರೂಢಿ ಶ್ರೀಮಂತವಾಗಿ ಬೆಳೆಯಿತು. ಸುಮಾರು 1845ರಿಂದ ಹತ್ತು ವರ್ಷ ಅಲ್ಲಿನ ಹೆಂಗಸರು, ಅದರಲ್ಲೂ ಮೆಥಡಿಸ್ಟ್ ಚರ್ಚಿನವರು, ಹೂಬುಟ್ಟಿ, ಹಡಗು, ನಗರದ ಸ್ಮಾರಕಗಳನ್ನು ಬಟ್ಟೆಯಲ್ಲಿ ಕತ್ತರಿಸಿ ಅಂಟುಹೊಲಿಗೆ ಹಾಕಿದ ಕೌದಿಗಳನ್ನು ಮಾಡಿದರು. ಇಂದು ಹರಾಜಿನಲ್ಲಿ ಭಾರೀ ಬೆಲೆಗೆ ಹೋಗುವುದು ಅವೇ. ಕಲೆಗಾರಿಕೆಯಲ್ಲಿ ಅವುಗಳಿಗೆ ಸಮನಿಲ್ಲ ನಿಜ, ಆದರೆ ಹಳ್ಳಿಯ ಹೆಂಗಸರು ಉಳಿದ ಚೂರುಗಳಲ್ಲಿ ಹೊಲಿದು, ವಕ್ರವಾಗಿ ಹೆಸರು ಬರೆದ ಕೌದಿಗಳ ಮುಂದೆ ನಿಲ್ಲುವಾಗ ಆಗುವ ಕಂಪನ ಬೇರೆ.

ಹೆಸರು ಬರೆಯುವ ಈ ಹಕ್ಕು ಎಲ್ಲರಿಗೂ ಇರಲಿಲ್ಲ. 1850 ಮತ್ತು 1860ರ ಗಣತಿಯಲ್ಲಿ ಗುಲಾಮರಿಗೆ ಬೇರೆಯೇ ಹಾಳೆ: ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ, ಅಷ್ಟೇ. ದೊಡ್ಡ ತೋಟಗಳ ಮನೆಗಳಿಗೆ ಎಷ್ಟೋ ಕೌದಿಗಳನ್ನು ಹೊಲಿದ ಕಪ್ಪು ಹೆಂಗಸರ ಹೆಸರು ಕೌದಿಯ ಮೇಲೂ ಇಲ್ಲ, ಕಾಗದದ ಮೇಲೂ ಇಲ್ಲ. 1837ರಲ್ಲಿ ಜಾರ್ಜಿಯಾದಲ್ಲಿ ಗುಲಾಮಳಾಗಿ ಹುಟ್ಟಿದ ಹ್ಯಾರಿಯೆಟ್ ಪವರ್ಸ್ ಹೆಸರು ಉಳಿದದ್ದು ಕೂಡ ಆಕಸ್ಮಿಕ. ಬೈಬಲ್ಲಿನ ಕಥೆಗಳನ್ನು ಬಟ್ಟೆಯ ಗೊಂಬೆಗಳಲ್ಲಿ ಹೇಳುವ ಅವರ ಕೌದಿ 1886ರಲ್ಲಿ ಅಥೆನ್ಸ್ ಊರಿನ ಹತ್ತಿ ಜಾತ್ರೆಯಲ್ಲಿ ಪ್ರದರ್ಶನಕ್ಕಿತ್ತು. ಜೆನ್ನಿ ಸ್ಮಿತ್ ಎಂಬ ಚಿತ್ರಕಲೆಯ ಶಿಕ್ಷಕಿ ಕೊಳ್ಳಲು ಕೇಳಿದಾಗ ಪವರ್ಸ್ ಒಪ್ಪಲಿಲ್ಲ. ಕೆಲವು ವರ್ಷಗಳ ನಂತರ ಮನೆಯ ಕಷ್ಟ ಹೆಚ್ಚಾಗಿ 5 ಡಾಲರಿಗೆ ಕೊಡಬೇಕಾಯಿತು. ಕೊಟ್ಟ ಮೇಲೂ ಅದನ್ನು ನೋಡಿಹೋಗಲು ಅವರು ಸ್ಮಿತ್ ಮನೆಗೆ ಬರುತ್ತಿದ್ದರು. ಒಂದೊಂದು ಚೌಕದ ಅರ್ಥವನ್ನೂ ಪವರ್ಸ್ ಬಾಯಿಂದ ಕೇಳಿ ಸ್ಮಿತ್ ಬರೆದುಕೊಂಡರು. ಆ ಬರಹ ಇಲ್ಲದಿದ್ದರೆ ಇಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್‌ನಲ್ಲಿರುವ ಆ ಕೌದಿಯನ್ನು ಯಾರು ಹೊಲಿದರೆಂದು ಹೇಳಲಾಗುತ್ತಿರಲಿಲ್ಲ.

ಶತಮಾನದ ಕೊನೆಗೆ ಹೆಸರಿಗೆ ಬೆಲೆ ಬಂತು, ಅಕ್ಷರಶಃ. ಚರ್ಚಿನ ಮಾಡು ಸೋರುತ್ತಿದೆ, ಹೊಸ ಗಂಟೆ ಬೇಕಾಗಿದೆ ಎಂದರೆ ಮಹಿಳಾ ಸಂಘದವರು ಮನೆಮನೆಗೆ ಹೋಗಿ ಹೆಸರು ಸಂಗ್ರಹಿಸುವರು. ಹೆಸರಿಗೆ ಸಾಮಾನ್ಯವಾಗಿ 10 ಸೆಂಟ್. ಗಾಡಿಯ ಚಕ್ರದಂತೆ ಸುತ್ತಲೂ ಹೆಸರುಗಳನ್ನು ಕೆಂಪು ದಾರದಲ್ಲಿ ಕಸೂತಿ ಮಾಡುವರು, ನಡುವಿನ ಜಾಗಕ್ಕೆ ಹೆಚ್ಚು ಕಾಸು. ಮುಗಿದ ಕೌದಿಯನ್ನು ಹರಾಜು ಹಾಕಿದರೆ ಮತ್ತಷ್ಟು ಹಣ. ಮೊದಲ ಮಹಾಯುದ್ಧ ಬಂದಾಗ ರೆಡ್ ಕ್ರಾಸ್ ಇದೇ ದಾರಿ ಹಿಡಿಯಿತು. 1917ರ ಡಿಸೆಂಬರಿನಲ್ಲಿ ‘ಮಾಡರ್ನ್ ಪ್ರಿಸಿಲ್ಲಾ’ ಎಂಬ ಹೆಂಗಸರ ಪತ್ರಿಕೆ ಕೆಂಪು ಶಿಲುಬೆಯ ಕೌದಿಯ ನಕ್ಷೆ ಅಚ್ಚುಹಾಕಿ, ಹೆಸರುಗಳ ಚಂದಾದಿಂದ 1,000 ಡಾಲರ್ ಎತ್ತುವುದು ಹೇಗೆಂದು ಲೆಕ್ಕ ಸಮೇತ ತಿಳಿಸಿತು. ಊರಿಗೆ ಊರೇ ಒಂದು ಬಟ್ಟೆಯ ಮೇಲೆ ಸೇರಿದ ಆ ಕೌದಿಗಳಲ್ಲಿ ಕಟುಕ, ವೈದ್ಯ, ಶಾಲೆಯ ಮಕ್ಕಳು, ಯುದ್ಧಕ್ಕೆ ಹೋದ ಹುಡುಗರು ಎಲ್ಲರೂ ಇದ್ದಾರೆ. ವಂಶಾವಳಿ ಹುಡುಕುವವರಿಗೆ ಅವು ಈಗ ನಿಧಿ.

ಒಬ್ಬಳ ಹೊಲಿಗೆಯನ್ನು ಇನ್ನೊಬ್ಬಳು ಓದಬಲ್ಲಳು ಎಂಬುದನ್ನು ಸಾಹಿತ್ಯದಲ್ಲಿ ಬಹಳ ಚೆನ್ನಾಗಿ ಕಂಡವರು ಸೂಸನ್ ಗ್ಲಾಸ್ಪೆಲ್. ಅಯೋವಾದಲ್ಲಿ ಪತ್ರಕರ್ತೆಯಾಗಿದ್ದಾಗ, ಗಂಡನನ್ನು ಕೊಂದ ಆರೋಪ ಹೊತ್ತ ರೈತ ಮಹಿಳೆಯೊಬ್ಬಳ ಪ್ರಕರಣವನ್ನು ಅವರು ವರದಿ ಮಾಡಿದ್ದರು. 1916ರಲ್ಲಿ ಅದೇ ‘ಟ್ರೈಫಲ್ಸ್’ ಎಂಬ ಏಕಾಂಕವಾಯಿತು. ಕೊಲೆಯಾದ ಮನೆಯಲ್ಲಿ ಗಂಡಸರು ಸಾಕ್ಷ್ಯ ಹುಡುಕುತ್ತ ಮಹಡಿ, ಕೊಟ್ಟಿಗೆ ಅಲೆಯುವಾಗ, ಅಡುಗೆಮನೆಯಲ್ಲಿ ಕೂತ ಇಬ್ಬರು ಹೆಂಗಸರ ಕಣ್ಣಿಗೆ ಅರ್ಧ ಹೊಲಿದ ಕೌದಿಯ ಚೌಕಗಳು ಬೀಳುತ್ತವೆ. ಎಲ್ಲ ಚೌಕಗಳ ಹೊಲಿಗೆಯೂ ನೀಟಾಗಿದೆ. ಒಂದರದು ಮಾತ್ರ ಅಡ್ಡಾದಿಡ್ಡಿ. ಆ ಹೊತ್ತಿನಲ್ಲಿ ಹೊಲಿದವಳ ಮನಸ್ಸು ಏನಾಗಿತ್ತೆಂದು ಅವರಿಗೆ ತಕ್ಷಣ ಹೊಳೆಯುತ್ತದೆ. ಇಬ್ಬರಲ್ಲಿ ಒಬ್ಬಳು ಆ ವಕ್ರ ಹೊಲಿಗೆಯನ್ನು ಬಿಚ್ಚಿ ಮತ್ತೆ ನೆಟ್ಟಗೆ ಹೊಲಿಯತೊಡಗುತ್ತಾಳೆ. ಗೆಳತಿಯ ಮನೆಗೆ ಬಂದುಹೋಗುವುದನ್ನು ವರ್ಷಗಟ್ಟಲೆ ತಪ್ಪಿಸಿದೆನಲ್ಲ ಎಂಬ ಅವಳ ಪಶ್ಚಾತ್ತಾಪ ನಾಟಕದ ಜೀವ. ಚೌಕಟ್ಟಿನ ಸುತ್ತ ಒಂದು ಕುರ್ಚಿ ಖಾಲಿ ಉಳಿದರೆ ಏನಾಗಬಹುದೆಂದು ಇಷ್ಟು ತೀಕ್ಷ್ಣವಾಗಿ ತೋರಿಸಿದ ಬರಹ ಇನ್ನೊಂದಿಲ್ಲ.

ಆರ್ಥಿಕ ಕುಸಿತದ 1930ರ ದಶಕದಲ್ಲಿ ಬಟ್ಟೆ ಬಂದದ್ದು ಕೋಳಿ, ದನಗಳ ಮೇವಿನ ಚೀಲದಿಂದ. ಹೆಂಗಸರು ಚೀಲವನ್ನು ಬಿಚ್ಚಿ ಹೊಲಿಯುವುದನ್ನು ಕಂಡ ಕಂಪನಿಗಳು ಚೀಲದ ಮೇಲೆ ಹೂವಿನ ಅಚ್ಚು ಹಾಕಿಸತೊಡಗಿದವು. ಒಂದೇ ಅಚ್ಚಿನ ಚೀಲಗಳು ಸಾಲದಿದ್ದಾಗ ನೆರೆಯವರೊಡನೆ ಅದಲುಬದಲು. ‘ಕನ್ಸಾಸ್ ಸಿಟಿ ಸ್ಟಾರ್’ ಪತ್ರಿಕೆ 1928ರಿಂದ 1961ರವರೆಗೆ ಕೌದಿಯ ನಕ್ಷೆಗಳನ್ನು ಅಚ್ಚುಹಾಕಿತು. ಅವುಗಳಲ್ಲಿ ಅನೇಕವು ಹಳ್ಳಿಯ ಓದುಗರೇ ಕಳಿಸಿದವು. ಕಳಿಸಿದವರ ಹೆಸರನ್ನೂ ಪತ್ರಿಕೆ ಹಾಕುತ್ತಿತ್ತು. ನಕ್ಷೆ ಕತ್ತರಿಸಿಟ್ಟುಕೊಂಡವರು ಪರಸ್ಪರ ಪತ್ರ ಬರೆದರು, ಮುಖ ನೋಡದೆಯೇ ಗೆಳತಿಯರಾದರು, ಲಕೋಟೆಯಲ್ಲಿ ಬಟ್ಟೆ ಚೂರು ಹಂಚಿಕೊಂಡರು.

ಅದೇ ದಶಕದಲ್ಲಿ ಹೆಸರು ಕದ್ದ ಘಟನೆಯೂ ನಡೆಯಿತು. 1933ರ ಷಿಕಾಗೋ ವಿಶ್ವಮೇಳಕ್ಕಾಗಿ ಸಿಯರ್ಸ್ ಕಂಪನಿ ದೇಶಮಟ್ಟದ ಕೌದಿ ಸ್ಪರ್ಧೆ ಇಟ್ಟಿತು. ಸುಮಾರು 24,000 ಕೌದಿಗಳು ಬಂದವು. ಮೊದಲ ಬಹುಮಾನ 1,000 ಡಾಲರ್, ಆಗಿನ ಕಾಲಕ್ಕೆ ಎಷ್ಟೋ ಸಂಸಾರಗಳು ವರ್ಷವಿಡೀ ಕಾಣದ ಮೊತ್ತ. ಗೆದ್ದವರು ಕೆಂಟಕಿಯ ಲೆಕ್ಸಿಂಗ್ಟನ್ನಿನಲ್ಲಿ ಅಂಗಡಿ ನಡೆಸುತ್ತಿದ್ದ ಮಾರ್ಗರೆಟ್ ರಾಜರ್ಸ್ ಕೇಡನ್. ಕೌದಿಯನ್ನು ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟರಿಗೆ ಕೊಡಲಾಯಿತು. ಸ್ಪರ್ಧಿ ತಾನೇ ಹೊಲಿದಿರಬೇಕೆಂಬುದು ನಿಯಮ, ಆದರೆ ಕೇಡನ್ ಅದಕ್ಕೆ ಒಂದು ಹೊಲಿಗೆಯನ್ನೂ ಹಾಕಿರಲಿಲ್ಲ. ಹೊಲಿದವರು ಅವರು ಕೂಲಿ ಕೊಟ್ಟು ಮಾಡಿಸಿದ ಸ್ಥಳೀಯ ಹೆಂಗಸರು. ಬಹುಮಾನದಲ್ಲಿ ಅವರಿಗೆ ಪಾಲು ಸಿಗಲಿಲ್ಲ. ಬಾಯಿಬಿಟ್ಟರೆ ಇರುವ ಕೂಲಿಯೂ ಹೋದೀತೆಂದು ಸುಮ್ಮನಿದ್ದರು. ದಶಕಗಳ ನಂತರ ಮೆರಿಕೇ ವಾಲ್ಡ್‌ವೋಗೆಲ್ ಮತ್ತು ಬಾರ್ಬರಾ ಬ್ರ್ಯಾಕ್‌ಮನ್ ಎಂಬ ಸಂಶೋಧಕಿಯರು ಈ ಕಥೆಯನ್ನು ಕಲೆಹಾಕಿ 1993ರಲ್ಲಿ ಪ್ರಕಟಿಸಿದರು. ಕೌದಿಯ ಇತಿಹಾಸದಲ್ಲಿ ಇಷ್ಟು ಕಹಿಯಾದ ಅಧ್ಯಾಯ ವಿರಳ, ಏಕೆಂದರೆ ಈ ಕಸುಬಿನಲ್ಲಿ ಹೊಲಿದವಳ ಹೆಸರಿಗೆ ಮೀರಿದ ಕೂಲಿ ಇಲ್ಲ.

ಅಲಬಾಮಾದ ಗೀಸ್ ಬೆಂಡ್ ಎಂಬ ಊರು ಈ ಮಾತನ್ನು ಇನ್ನೊಂದು ಬಗೆಯಲ್ಲಿ ತಿಳಿಸುತ್ತದೆ. ಮೂರು ಕಡೆ ಅಲಬಾಮಾ ನದಿ ಸುತ್ತಿದ ಜಾಗ. 1846ರಲ್ಲಿ ಮಾರ್ಕ್ ಪೆಟ್ವೇ ಎಂಬ ತೋಟದ ಒಡೆಯ ಸುಮಾರು ನೂರು ಗುಲಾಮರನ್ನು ಉತ್ತರ ಕೆರೊಲೈನಾದಿಂದ ನಡೆಸಿಕೊಂಡು ಬಂದು ಇಲ್ಲಿ ನೆಲೆಗೊಂಡ. ಅವರ ಮೊಮ್ಮಕ್ಕಳು, ಮರಿಮಕ್ಕಳಿಗೆ ಇಂದಿಗೂ ಅವನದೇ ಅಡ್ಡಹೆಸರು. ಉತ್ತರದ ಬಿಳಿಯ ಹೆಂಗಸರು ಹಸ್ತಾಕ್ಷರದ ಕೌದಿ ಹೊಲಿಯುತ್ತಿದ್ದ ವರ್ಷಗಳೇ ಅವು. ಇಲ್ಲಿನವರು ಹೊಲಿದದ್ದು ಚಳಿಗೆ. ಗೋಡೆಯ ಸಂದಿನಲ್ಲಿ ಗಾಳಿ ನುಗ್ಗುವ ಗುಡಿಸಲುಗಳಲ್ಲಿ ಒಂದರ ಮೇಲೊಂದು ಕೌದಿ ಬೇಕಿತ್ತು. ಬಟ್ಟೆ ಎಂದರೆ ಹೊಲದಲ್ಲಿ ಸವೆದ ಚಲ್ಲಣ, ಅಂಗಿ, ಏಪ್ರನ್. 1942ರಲ್ಲಿ ಗಂಡ ತೀರಿಕೊಂಡಾಗ ಮಿಸೌರಿ ಪೆಟ್ವೇ ಅವನು ಹೊಲಕ್ಕೆ ಹಾಕಿಕೊಳ್ಳುತ್ತಿದ್ದ ಬಟ್ಟೆಗಳನ್ನು ಬಿಚ್ಚಿ, ಅವನ ನೆನಪನ್ನು ಹೊದ್ದುಕೊಳ್ಳಲು ಕೌದಿ ಹೊಲಿದರು. ಮಂಡಿಯ ಬಳಿ ಮಾಸಿದ ಬಣ್ಣ ಅದರಲ್ಲಿ ಹಾಗೇ ಇದೆ.

1960ರ ದಶಕದಲ್ಲಿ ಮತದಾನದ ಹಕ್ಕು ಕೇಳಿದ್ದಕ್ಕೆ ಈ ಜನ ಕೆಲಸ ಕಳೆದುಕೊಂಡರು, ಮನೆ ಕಳೆದುಕೊಂಡರು. ನದಿ ದಾಟಿ ಕ್ಯಾಮ್ಡೆನ್ ಪೇಟೆಗೆ ಹೋಗುತ್ತಿದ್ದ ದೋಣಿ 1962ರಲ್ಲಿ ನಿಂತಿತು, ಮತ್ತೆ ಶುರುವಾದದ್ದು 2006ರಲ್ಲಿ. 1965ರ ಕೊನೆಗೆ ಫ್ರಾನ್ಸಿಸ್ ವಾಲ್ಟರ್ ಎಂಬ ಪಾದ್ರಿ ಈ ಕಡೆ ಬಂದಾಗ, ಮನೆಯೊಂದರ ಮುಂದೆ ತಂತಿಯ ಮೇಲೆ ಒಣಹಾಕಿದ್ದ ಕೌದಿಗಳು ಅವರ ಕಣ್ಣಿಗೆ ಬಿದ್ದವು. ಅಂಥ ಕೌದಿಗಳನ್ನು ಕೊಂಡು ನ್ಯೂಯಾರ್ಕಿನಲ್ಲಿ ಹರಾಜು ಹಾಕಿ ಬಂದ ಹಣದಿಂದ 1966ರಲ್ಲಿ ಹೆಂಗಸರೇ ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಎಂಬ ಸಹಕಾರ ಸಂಘ ಕಟ್ಟಿದರು. 1972ರಲ್ಲಿ ಸಿಯರ್ಸ್‌ಗೆ ಕಾರ್ಡುರಾಯ್ ದಿಂಬಿನ ಚೀಲ ಹೊಲಿಯುವ ಗುತ್ತಿಗೆ ಸಿಕ್ಕಿತು. ಉಳಿದ ಚೂರುಗಳು ಮನೆಗೆ ಬಂದು, ಬಂಗಾರ, ಹಸಿರು, ಕಂದು ಬಣ್ಣದ ಹೊಸ ಕೌದಿಗಳಾದವು. 2002ರಲ್ಲಿ ಹ್ಯೂಸ್ಟನ್ನಿನ ಲಲಿತಕಲಾ ಮ್ಯೂಸಿಯಂ, ಅದೇ ವರ್ಷ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಈ ಕೌದಿಗಳನ್ನು ಗೋಡೆಗೆ ತೂಗುಹಾಕಿದವು. ಪ್ರತಿಯೊಂದರ ಪಕ್ಕದಲ್ಲಿ ಹೊಲಿದವರ ಹೆಸರು: ಆ್ಯನಿ ಮೇ ಯಂಗ್, ಮೇರಿ ಲೀ ಬೆಂಡಾಲ್ಫ್, ಲೊರೆಟಾ ಪೆಟ್ವೇ. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಚಿತ್ರವಿರುವ 10 ಅಂಚೆಚೀಟಿಗಳನ್ನು ತಂದಿತು.

ಇಷ್ಟರಲ್ಲಿ ದೇಶದುದ್ದಕ್ಕೂ ಹವ್ಯಾಸಿಗಳ ಪಡೆ ಎದ್ದಿತ್ತು. 1969ರಲ್ಲಿ ಕೊಲೊರಾಡೊದ ಬಾನಿ ಲೆಮನ್, ಏಳು ಮಕ್ಕಳ ತಾಯಿ, ಮನೆಯಿಂದಲೇ ‘ಕ್ವಿಲ್ಟರ್ಸ್ ನ್ಯೂಸ್‌ಲೆಟರ್’ ಶುರು ಮಾಡಿದರು. 1971ರಲ್ಲಿ ವಿಟ್ನಿ ಮ್ಯೂಸಿಯಂ ಕೌದಿಗಳನ್ನು ಆಧುನಿಕ ಚಿತ್ರಗಳಂತೆ ಪ್ರದರ್ಶಿಸಿತು. 1976ರಲ್ಲಿ ದೇಶದ ಇನ್ನೂರನೆಯ ವರ್ಷ ಬಂದಾಗ ಅಜ್ಜಿಯರ ಕೆಲಸಗಳ ಮೇಲೆ ಎಲ್ಲರಿಗೂ ಪ್ರೀತಿ ಬಂತು. 1979ರಲ್ಲಿ ಜಪಾನಿನ ಓಲ್ಫಾ ಕಂಪನಿಯ ಚಕ್ರದ ಕತ್ತಿ ಬಂದ ಮೇಲೆ ದಿನಗಟ್ಟಲೆಯ ಕತ್ತರಿ ಕೆಲಸ ಒಂದು ಸಂಜೆಗೆ ಇಳಿಯಿತು. ಊರೂರಿನಲ್ಲಿ ಸಂಘಗಳು ಹುಟ್ಟಿದವು. ಗೆಳತಿಯರು ತಿಂಗಳಿಗೊಂದು ಚೌಕ ಅದಲುಬದಲು ಮಾಡಿಕೊಂಡರು; ಕಾಯಿಲೆ ಬಿದ್ದವಳ ಅರ್ಧ ಉಳಿದ ಕೌದಿಯನ್ನು ಉಳಿದವರು ಮುಗಿಸಿಕೊಟ್ಟರು. ಕೆಂಟಕಿಯ ಪಡೂಕಾದಲ್ಲಿ 1991ರಲ್ಲಿ ಕೌದಿಗಳಿಗೆಂದೇ ಮ್ಯೂಸಿಯಂ ತೆರೆಯಿತು.

ಕೆಂಟಕಿಯಲ್ಲೇ 1981ರಲ್ಲಿ ಇನ್ನೂ ದೊಡ್ಡ ಕೆಲಸವೊಂದು ಶುರುವಾಗಿತ್ತು. ಕೌದಿ ಇರುವವರೆಲ್ಲ ಇಂಥ ದಿನ ಇಂಥ ಕಡೆ ತನ್ನಿ ಎಂದು ಊರುಗಳಲ್ಲಿ ಸಾರಿ, ಬಂದ ಒಂದೊಂದನ್ನೂ ಬಿಡಿಸಿ ಫೋಟೊ ತೆಗೆದು ವಿವರ ಬರೆದುಕೊಂಡರು. ಯಾರು ಹೊಲಿದದ್ದು? ಎಲ್ಲಿ? ಯಾರಿಗಾಗಿ? ಬಟ್ಟೆ ಎಲ್ಲಿಂದ ಬಂತು? ರಾಜ್ಯದ ಮೇಲೆ ರಾಜ್ಯ ಈ ಪದ್ಧತಿಯನ್ನು ಹಿಡಿಯಿತು. ಬಂದ ಉತ್ತರಗಳಲ್ಲಿ ‘ಅಜ್ಜಿಯದಿರಬೇಕು’ ಎಂಬುದೇ ಹೆಚ್ಚು. ಅಂದಿನಿಂದ ಹವ್ಯಾಸಿ ಸಂಘಗಳು ಸದಸ್ಯರಿಗೆ ಒಂದು ಮಾತನ್ನು ಒತ್ತಿ ಹೇಳುತ್ತ ಬಂದಿವೆ: ಕೌದಿಯ ಹಿಂಬದಿಯ ಮೂಲೆಗೆ ಬಟ್ಟೆಯ ಪಟ್ಟಿ ಹೊಲಿದು, ಅದರ ಮೇಲೆ ನಿಮ್ಮ ಹೆಸರು, ಊರು, ಇಸವಿ ಬರೆಯಿರಿ. 1840ರ ದಶಕದ ಹೆಂಗಸರು ಮುಂಬದಿಯ ನಡುವೆ ಬರೆದದ್ದೂ ಇದೇ ಮೂರನ್ನು.

ಹೆಸರಿನ ಕೌದಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಸತ್ತವರಿಗಾಗಿ ಹೊಲಿದದ್ದು. 1985ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಮೆರವಣಿಗೆಯೊಂದರಲ್ಲಿ ಏಡ್ಸ್‌ನಿಂದ ತೀರಿಕೊಂಡವರ ಹೆಸರು ಬರೆದ ಫಲಕಗಳನ್ನು ಗೋಡೆಗೆ ಅಂಟಿಸಿದ್ದನ್ನು ಕಂಡು, ಹೋರಾಟಗಾರ ಕ್ಲೀವ್ ಜೋನ್ಸ್‌ಗೆ ಅಜ್ಜಿಯ ಮನೆಯ ಕೌದಿ ನೆನಪಾಯಿತು. 1987ರಲ್ಲಿ ಕೆಲಸ ಶುರುವಾಯಿತು. ಒಬ್ಬೊಬ್ಬರಿಗೆ ಮೂರಡಿ ಅಗಲ, ಆರಡಿ ಉದ್ದದ ಬಟ್ಟೆ, ಹೆಚ್ಚುಕಡಿಮೆ ಒಂದು ಸಮಾಧಿಯಷ್ಟು ಜಾಗ. ಆ ವರ್ಷದ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್‌ನ ಹುಲ್ಲಿನ ಮೇಲೆ 1,920 ತುಂಡುಗಳನ್ನು ಹರಡಿ, ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿದರು. ರೋಗದ ಹೆಸರು ಹೇಳಲೂ ಮನೆಯವರು ಅಂಜುತ್ತಿದ್ದ ಕಾಲ ಅದು. ಸೂಜಿ ಹಿಡಿದು ಗೊತ್ತಿಲ್ಲದ ಗಂಡಸರು ಗೆಳೆಯನ ಜೀನ್ಸು, ಟೈ, ಮಗುವಾಗಿದ್ದಾಗಿನ ಗೊಂಬೆಯನ್ನು ಬಟ್ಟೆಗೆ ಹೊಲಿದರು. ಗೊತ್ತಿದ್ದ ಹೆಂಗಸರು ಪಕ್ಕದಲ್ಲಿ ಕೂತು ಕಲಿಸಿದರು. ಇಂದು ಅದರಲ್ಲಿ ಸುಮಾರು 50,000 ತುಂಡುಗಳಿವೆ, ತೂಕ 54 ಟನ್.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸುತ್ತಿನ ಸಿದ್ದಿ ಹೆಂಗಸರ ಕೌದಿಗೂ ಈ ಕಥೆಗೂ ಈಗ ನೇರ ನಂಟಿದೆ. ಆಫ್ರಿಕಾ ಮೂಲದ ಈ ಜನ ಹಳೆಯ ಸೀರೆ, ಲುಂಗಿ, ಲಂಗಗಳನ್ನು ನೆಲದ ಮೇಲೆ ಹಾಸಿ, ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವಂತೆ ಹೊಲಿಯುತ್ತಾರೆ. ಅಮೆರಿಕದಲ್ಲಿ ಮೊದಲು ಮೇಲ್ಪದರ ಜೋಡಿಸಿ ಆಮೇಲೆ ಪದರಗಳನ್ನು ಹೊಲಿಯುವರು. ಇಲ್ಲಿ ತುಂಡು ಇಡುವುದೂ ಪದರ ಕೂಡಿಸುವುದೂ ಒಟ್ಟಿಗೇ ಸಾಗುತ್ತದೆ. ನಾಲ್ಕು ಮೂಲೆಗೂ ಮಡಿಸಿದ ಪುಟ್ಟ ಬಟ್ಟೆಯ ಹೂವು ಕೂರಿಸದೆ ಕೌದಿ ಮುಗಿಯಿತೆನ್ನುವುದಿಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಈ ಕೆಲಸ ಕಂಡು ಮರುಳಾಗಿ, ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘಕ್ಕೆ ಬೆನ್ನೆಲುಬಾದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನವಾಯಿತು. ಕ್ಯಾಲಿಫೋರ್ನಿಯಾದ ಕಲಾವಿದೆ ಮಾರ್ಗರೆಟ್ ಫ್ಯಾಬ್ರಿಜಿಯೊ ಈ ವಿಧಾನವನ್ನು ಅಲ್ಲಿನ ಹವ್ಯಾಸಿಗಳಿಗೆ ಹೇಳಿಕೊಟ್ಟ ಮೇಲೆ, ಅಮೆರಿಕದ ಸಂಘಗಳಲ್ಲಿ ‘ಕವಂದಿ’, ಅಂದರೆ ಸಿದ್ದಿ ಕೌದಿ, ಹೊಲಿಯುವವರು ಹೆಚ್ಚುತ್ತಲೇ ಇದ್ದಾರೆ. ಅವರು ಮುಗಿಸಿದ ಕವಂದಿಯ ಹಿಂಬದಿಗೆ ಹೆಸರಿನ ಪಟ್ಟಿ ಹೊಲಿಯುತ್ತಾರೆ.

ಕೆಂಟಕಿಯಲ್ಲಿ ಕೇಳಿದ ಪ್ರಶ್ನೆಗಳನ್ನು ಹಳಿಯಾಳದಲ್ಲೂ, ಧಾರವಾಡ, ಬೆಳಗಾವಿ, ವಿಜಯಪುರದ ಮನೆಗಳಲ್ಲೂ ಊರೂರು ತಿರುಗಿ ಕೇಳಿ ಬರೆದುಕೊಳ್ಳಬೇಕಾಗಿದೆ. ಹಳೇ ಸೀರೆಯ ಬಟ್ಟೆ ಬೇಗ ಸವೆಯುತ್ತದೆ. ಕೌದಿ ಹರಿದರೆ ಇನ್ನೊಂದು ಕೌದಿಯ ಒಳಪದರವಾಗುತ್ತದೆ. ಯಾವ ತುಂಡು ಯಾರ ಸೀರೆಯದು, ಯಾವ ಮೊಮ್ಮಗ ಹುಟ್ಟಿದಾಗ ಹೊಲಿದದ್ದು, ಆ ದಿನ ಪಕ್ಕದಲ್ಲಿ ಕೂತು ಕೈ ಹಾಕಿದವರು ಯಾರು ಎಂದು ಬೆರಳಿಟ್ಟು ಹೇಳಬಲ್ಲ ಅಜ್ಜಿಯರು ಆ ಊರುಗಳಲ್ಲಿ ಈಗಲೂ ಇದ್ದಾರೆ.